ಹೆಬ್ಬೆರಳ ನೋವೂ ನೂರು ಮಿಲಿಗ್ರಾಂ ಮಾತ್ರೆಯೂ

ನಮ್ಮೂರು ರಾಂಪುರ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಕಂದಾಯ ದಾಖಲೆಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ್ದರೂ ಕಾಯಿಲೆ ಬಿದ್ದಾಗ ನಮ್ಮವರು ಮುಖ ಮಾಡುವುದು ಬಳ್ಳಾರಿಯ ಕಡೆಗೆ. ಶೇಂಗಾ ಬಿತ್ತುವುದು, ಕುರಿ ಕಾಯುವುದು, ಮಳೆಗೆ ಕಾಯುವುದು, ಈ ಮೂರೇ ನಮ್ಮ ಸೀಮೆಯ ಕಸುಬುಗಳೆಂದು ನಮ್ಮ ತಂದೆ ಹೇಳುತ್ತಿದ್ದರು. ನನ್ನ ಅಣ್ಣ ಆ ಮೂರನ್ನೂ ಮಾಡಿಕೊಂಡು ಅಲ್ಲೇ ಉಳಿದ. ನಾನು ಓದಿ, ಬೆಂಗಳೂರಿಗೆ ಬಂದು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದೆ. ತಂದೆಯಿಂದ ನಮಗಿಬ್ಬರಿಗೂ ಸಮಪಾಲಾಗಿ ಬಂದ ಆಸ್ತಿ ಒಂದೇ. ಅದು ಗೌಟ್.

ಈ ಕಾಯಿಲೆಯ ಅನುಭವವಿಲ್ಲದವರಿಗೆ ಅದನ್ನು ವಿವರಿಸುವುದು ಕಷ್ಟ. ರಾತ್ರಿ ನೆಮ್ಮದಿಯಾಗಿ ಮಲಗಿದವನು ಎರಡು ಗಂಟೆಯ ಹೊತ್ತಿಗೆ ಕಾಲಿನ ಹೆಬ್ಬೆರಳ ಬುಡದಲ್ಲಿ ಕೆಂಡ ಇಟ್ಟಂತಾಗಿ ಎಚ್ಚರಗೊಳ್ಳುತ್ತಾನೆ. ಬೆಳಗಾಗುವಷ್ಟರಲ್ಲಿ ಆ ಜಾಗ ಕೆಂಪಗೆ ಊದಿ, ಹೊದಿಕೆಯ ಅಂಚು ತಾಗಿದರೂ ಕಿರುಚುವಂತಾಗಿರುತ್ತದೆ. ಒಂದು ವಾರ, ಹತ್ತು ದಿನ ಕಾಡಿ, ಏನೂ ಆಗಿಯೇ ಇಲ್ಲವೆಂಬಂತೆ ಹೊರಟುಹೋಗುತ್ತದೆ. ಮೋಸವಿರುವುದು ಇಲ್ಲೇ. ಹೋದದ್ದು ನೋವು, ರೋಗ ಎಲ್ಲಿಗೂ ಹೋಗಿರುವುದಿಲ್ಲ.

ಜೀವಕೋಶಗಳಲ್ಲಿಯೂ ತಿನ್ನುವ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ವಸ್ತು ಒಡೆದಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಬಹುತೇಕ ಪ್ರಾಣಿಗಳಲ್ಲಿ ಅದನ್ನೂ ಕರಗಿಸಿ ಹಾಕುವ ಯೂರಿಕೇಸ್ ಎಂಬ ಕಿಣ್ವವಿದೆ. ವಿಕಾಸದ ಹಾದಿಯಲ್ಲಿ ನಾವು ಅದನ್ನು ಕಳೆದುಕೊಂಡಿದ್ದೇವೆ. ಉಳಿದದ್ದನ್ನು ಹೊರಹಾಕುವ ಕೆಲಸ ಬಹುಪಾಲು ಮೂತ್ರಪಿಂಡದ್ದು. ರಕ್ತದಲ್ಲಿ ಅದರ ಪ್ರಮಾಣ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಕರಗಿರಲಾರದೆ, ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರಬಹುದು. ದೇಹದ ತುದಿಯಲ್ಲಿರುವ, ಹೆಚ್ಚು ತಣ್ಣಗಿರುವ ಹೆಬ್ಬೆರಳು ಅದಕ್ಕೆ ಪ್ರಿಯವಾದ ಜಾಗ. ವರ್ಷಗಟ್ಟಲೆ ಸುಮ್ಮನಿದ್ದ ಹರಳುಗಳ ಮೇಲೆ ಒಂದು ರಾತ್ರಿ ಬಿಳಿರಕ್ತಕಣಗಳು ಮುಗಿಬೀಳುತ್ತವೆ. ನಾವು ಅನುಭವಿಸುವ ಬೆಂಕಿ ಆ ಯುದ್ಧದ್ದು.

ಆದ್ದರಿಂದ ಗೌಟಿಗೆ ಎರಡು ಬಗೆಯ ಔಷಧಗಳಿವೆ. ಉರಿಯುತ್ತಿರುವ ಬೆಂಕಿಯನ್ನು ಆರಿಸುವುದು ಒಂದು. ಒಲೆಯೊಳಗಿನ ಸೌದೆಯನ್ನೇ ತೆಗೆಯುವುದು ಇನ್ನೊಂದು. ನೋವುನಿವಾರಕಗಳು, ಸ್ಟೀರಾಯ್ಡ್‌ಗಳು, ಕಾಲ್ಚಿಸಿನ್ ಇವು ಮೊದಲ ಬಗೆಯವು. ಅಲೊಪ್ಯುರಿನಾಲ್, ಫೆಬುಕ್ಸೊಸ್ಟಾಟ್, ಪ್ರೊಬೆನೆಸಿಡ್ ಎರಡನೆಯವು. ಈ ವ್ಯತ್ಯಾಸವೊಂದನ್ನು ಯಾರಾದರೂ ನಮ್ಮ ಅಣ್ಣನಿಗೆ ಸಮಯಕ್ಕೆ ಸರಿಯಾಗಿ ಕೂರಿಸಿಕೊಂಡು ಹೇಳಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬ.

ಬೆಂಕಿ ಆರಿಸುವ ಔಷಧಗಳ ಪೈಕಿ ಕಾಲ್ಚಿಸಿನ್ ಬಹಳ ಹಳೆಯದು. ಕಾಲ್ಚಿಕಂ ಎಂಬ ಗಿಡದ ಗೆಡ್ಡೆಯನ್ನು 6ನೇ ಶತಮಾನದಲ್ಲೇ ಅಲೆಕ್ಸಾಂಡರ್ ಆಫ್ ಟ್ರಾಲ್ಲೆಸ್ ಎಂಬ ವೈದ್ಯ ಕೀಲುನೋವಿಗೆ ಬಳಸುತ್ತಿದ್ದ. ಅದರ ಸಾರವನ್ನು 1820ರಲ್ಲಿ ಫ್ರಾನ್ಸಿನ ಪೆಲೆಟಿಯೇ ಮತ್ತು ಕಾವಂತೂ ಬೇರ್ಪಡಿಸಿದರು. ಅದೇ ವಸ್ತು ನಮ್ಮ ಅಗ್ನಿಶಿಖೆಯಲ್ಲೂ ಇದೆ. ಗೌರಿಹಬ್ಬದ ಆಸುಪಾಸಿನಲ್ಲಿ ಬೇಲಿಗಳ ಮೇಲೆ ಕೆಂಪು-ಹಳದಿ ಜ್ವಾಲೆಯಂತೆ ಅರಳುವ ಬಳ್ಳಿ ಅದು. ನೆರೆಯ ತಮಿಳುನಾಡಿನ ರಾಜ್ಯಪುಷ್ಪ. ಅಲ್ಲಿನ ರೈತರು ಬೀಜಕ್ಕಾಗಿ ಅದನ್ನು ಬೆಳೆಯುತ್ತಾರೆ, ಬೀಜ ಔಷಧ ಕಂಪನಿಗಳಿಗೆ ಹೋಗುತ್ತದೆ. ಗೆಡ್ಡೆ ತಿಂದು ಸತ್ತವರ ಕಥೆಗಳೂ ಹಳ್ಳಿಗಳಲ್ಲಿ ಉಂಟು. ಕಥೆಗಳು ಸುಳ್ಳಲ್ಲ. ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವೆ ಇಷ್ಟು ಕಡಿಮೆ ಅಂತರವಿರುವ ಮಾತ್ರೆಗಳು ವಿರಳ.

ಭೇದಿ ಶುರುವಾಗುವ ತನಕ ಗಂಟೆಗೊಂದರಂತೆ ಕಾಲ್ಚಿಸಿನ್ ನುಂಗಿ ಎಂದು ಹಿಂದಿನ ವೈದ್ಯರು ಹೇಳುತ್ತಿದ್ದರು. ನೋವು ಹೋಗುವ ಮೊದಲು ರೋಗಿ ಶೌಚಾಲಯ ಸೇರುತ್ತಿದ್ದ. 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಈ ಪದ್ಧತಿಗೆ ಕೊನೆ ಹಾಡಿತು: ಆರು ಗಂಟೆಗಳಲ್ಲಿ 4.8 ಮಿಲಿಗ್ರಾಂ ಕೊಟ್ಟಾಗ ಎಷ್ಟು ಗುಣವೋ ಒಂದು ಗಂಟೆಯಲ್ಲಿ 1.8 ಮಿಲಿಗ್ರಾಂ ಕೊಟ್ಟಾಗಲೂ ಅಷ್ಟೇ ಗುಣ. ಭೇದಿ ಮಾತ್ರ ಬಹಳ ಕಡಿಮೆ. ನೋವು ಶುರುವಾದ ಮೊದಲ ಗಂಟೆಗಳಲ್ಲೇ ನುಂಗಬೇಕು, ಅಷ್ಟೆ. ಮೂತ್ರಪಿಂಡ ಕೆಟ್ಟವರಿಗೆ, ಕ್ಲಾರಿತ್ರೊಮೈಸಿನ್‌ನಂಥ ಕೆಲವು ಪ್ರತಿಜೈವಿಕಗಳನ್ನು ತೆಗೆದುಕೊಳ್ಳುತ್ತಿರುವವರಿಗೆ ಈ ಸಣ್ಣ ಪ್ರಮಾಣವೂ ಅಪಾಯ ತರಬಹುದು. ಇದೇ ಕಾಲ್ಚಿಸಿನ್ ಅಮೆರಿಕದಲ್ಲಿ ಮಾತ್ರೆಯೊಂದಕ್ಕೆ ಒಂಬತ್ತು ಸೆಂಟಿನ ಆಸುಪಾಸಿನಲ್ಲಿ ಸಿಗುತ್ತಿತ್ತು. 2009ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಒಂದು ಕಂಪನಿಗೆ ಅಧಿಕೃತ ಮಾನ್ಯತೆಯನ್ನೂ ಏಕಸ್ವಾಮ್ಯವನ್ನೂ ಕೊಟ್ಟ ಮೇಲೆ ಬೆಲೆ ಐದು ಡಾಲರಿನ ಸಮೀಪಕ್ಕೆ ಹಾರಿತು. ಸಾವಿರದ ಐನೂರು ವರ್ಷ ಹಳೆಯ ಔಷಧಕ್ಕೂ ಏಕಸ್ವಾಮ್ಯ ಸಾಧ್ಯವೆಂದು ಜಗತ್ತಿಗೆ ಗೊತ್ತಾದದ್ದು ಹೀಗೆ. ನಮ್ಮ ದೇಶದಲ್ಲಿ ಬೆಲೆಯ ತೊಂದರೆ ಅಷ್ಟಿಲ್ಲ. ನಮ್ಮ ತೊಂದರೆಯೇ ಬೇರೆ.

ಸೌದೆ ತೆಗೆಯುವ ಔಷಧದ ಕಥೆ ಹೊಸದು. ಗರ್ಟ್ರೂಡ್ ಎಲಿಯನ್ ಎಂಬ ರಸಾಯನಶಾಸ್ತ್ರಜ್ಞೆ ಮತ್ತು ಜಾರ್ಜ್ ಹಿಚಿಂಗ್ಸ್ ರಕ್ತದ ಕ್ಯಾನ್ಸರಿಗೆ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧವನ್ನು ಕಂಡುಹಿಡಿದಿದ್ದರು. ದೇಹದ ಒಂದು ಕಿಣ್ವ ಅದನ್ನು ಬೇಗ ಹಾಳುಮಾಡುತ್ತಿತ್ತು. ಆ ಕಿಣ್ವವನ್ನು ತಡೆಯಲೆಂದು ಅವರು ಅಲೊಪ್ಯುರಿನಾಲ್ ಅನ್ನು ಪ್ರಯೋಗಿಸಿದರು. ಅದೇ ಕಿಣ್ವವೇ ಯೂರಿಕ್ ಆಮ್ಲವನ್ನೂ ತಯಾರಿಸುತ್ತದೆ. ಹಾಗಾಗಿ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಇಳಿಯಿತು. ಕ್ಯಾನ್ಸರಿಗೆ ಹೊರಟ ಮಾತ್ರೆ ಗೌಟಿಗೆ ದಾರಿಯಾಯಿತು. 1966ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. 1988ರಲ್ಲಿ ಎಲಿಯನ್ ಮತ್ತು ಹಿಚಿಂಗ್ಸ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಎಲಿಯನ್ ಪಿಎಚ್.ಡಿ. ಮುಗಿಸಿರಲಿಲ್ಲ ಎಂಬುದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ತಪ್ಪದೆ ಹೇಳುತ್ತಿದ್ದೆ.

ಈ ಮಾತ್ರೆ ನನಗೆ ಬೆಂಗಳೂರಿನಲ್ಲಿ 2009ರಲ್ಲಿ ಸಿಕ್ಕಿತು. ಮೂರನೆಯ ಸಲ ಹೆಬ್ಬೆರಳು ಊದಿದಾಗ ವೈದ್ಯರು ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ನೂರು ಮಿಲಿಗ್ರಾಂನಿಂದ ಆರಂಭಿಸಿ, ತಿಂಗಳಿಗೊಮ್ಮೆ ರಕ್ತ ನೋಡುತ್ತಾ ಮುನ್ನೂರಕ್ಕೆ ಏರಿಸಿದರು. ಮೊದಲ ಆರು ತಿಂಗಳು ಜೊತೆಗೆ ಕಾಲ್ಚಿಸಿನ್ ಕೊಟ್ಟಿದ್ದರು. ಗುರಿ ಸ್ಪಷ್ಟವಿತ್ತು: ಯೂರಿಕ್ ಆಮ್ಲ ಆರಕ್ಕಿಂತ ಕೆಳಗಿರಬೇಕು, ಅಲ್ಲೇ ಉಳಿಯಬೇಕು, ಮಾತ್ರೆ ಬಿಡಬಾರದು. ಇಂದಿಗೂ ದಿನಕ್ಕೆ ಒಂದು ಚಹಾಕ್ಕಿಂತ ಕಡಿಮೆ ಖರ್ಚಿನಲ್ಲಿ ನಡೆದಾಡಿಕೊಂಡಿದ್ದೇನೆ.

ಇನ್ನು ನನ್ನ ತಪ್ಪು. 2013ರಲ್ಲಿ ಊರ ಜಾತ್ರೆಗೆ ಹೋದಾಗ ಅಣ್ಣ ಕಾಲು ಚಾಚಿ ಹಜಾರದಲ್ಲಿ ಕೂತಿದ್ದ. ಹೆಬ್ಬೆರಳು ಬದನೆಕಾಯಿಯಂತಾಗಿತ್ತು. ನನ್ನದೇ ಕಾಯಿಲೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ಅರ್ಧ ತಿಳಿದವನ ಉತ್ಸಾಹದಲ್ಲಿ ಚೀಲದಲ್ಲಿದ್ದ ಮುನ್ನೂರು ಮಿಲಿಗ್ರಾಂನ ಎರಡು ಪಟ್ಟಿಗಳನ್ನು ಕೊಟ್ಟು, ದಿನಕ್ಕೊಂದು ನುಂಗು, ಜೀವನಪರ್ಯಂತ ನುಂಗು ಎಂದು ಉಪದೇಶಿಸಿ ಬಸ್ಸು ಹತ್ತಿದೆ. ರಕ್ತಪರೀಕ್ಷೆ ಇಲ್ಲ, ನೂರರಿಂದ ಆರಂಭಿಸುವುದಿಲ್ಲ, ಜೊತೆಗೆ ನೋವಿನ ಕಾವಲೂ ಇಲ್ಲ.

ಯೂರಿಕ್ ಆಮ್ಲ ದಿಢೀರನೆ ಇಳಿದರೆ ಕೀಲಿನಲ್ಲಿ ಕೂತ ಹರಳುಗಳು ಕದಡಿ, ರೋಗ ಮೊದಲಿಗೆ ಇನ್ನಷ್ಟು ಕೆರಳುತ್ತದೆ. ಅದಕ್ಕೇ ಸಣ್ಣ ಪ್ರಮಾಣದಿಂದ ಏರಿಸುವುದು, ಅದಕ್ಕೇ ಮೊದಲ ಮೂರರಿಂದ ಆರು ತಿಂಗಳು ಕಾಲ್ಚಿಸಿನ್ ಅಥವಾ ಬೇರೆ ಉರಿಶಾಮಕ ಜೊತೆಗಿರಬೇಕಾದದ್ದು. ನನಗೆ ಕೊಟ್ಟ ಚೀಟಿಯಲ್ಲಿ ಅದೆಲ್ಲ ಇತ್ತು. ನಾನು ಮಾತ್ರೆಯನ್ನು ಕೊಟ್ಟೆ, ಚೀಟಿಯ ಅರ್ಥವನ್ನು ಕೊಡಲಿಲ್ಲ. ಎರಡು ವಾರದೊಳಗೆ ಅಣ್ಣನ ಇನ್ನೊಂದು ಕಾಲಿನ ಹರಡು ಊದಿತು. ಫೋನಿನಲ್ಲಿ ಅವನು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: “ನಿನ್ನ ಮಾತ್ರೆ ನಿನ್ನ ಬೆಂಗಳೂರಿಗೇ ಸರಿ ಕಣಪ್ಪ. ಸೂಜಿ ಮಾಡಿಸ್ಕಂಡ್ರೆ ಎರಡು ದಿನಕ್ಕೆ ಎದ್ದು ಹೊಲಕ್ಕೆ ಹೋಗ್ತೀನಿ.” ಪಟ್ಟಿಗಳನ್ನು ತಿಪ್ಪೆಗೆಸೆದ. ಮುಂದೆ ಒಂಬತ್ತು ವರ್ಷ ಆ ಮಾತ್ರೆಯ ಹೆಸರೆತ್ತಲು ಬಿಡಲಿಲ್ಲ. ಆ ಮಾತ್ರೆಯಿಂದ ಅಪರೂಪಕ್ಕೆ ಕೆಲವರಿಗೆ ಮೈಯೆಲ್ಲ ದದ್ದೆದ್ದು ಚರ್ಮವೇ ಸುಲಿಯುವ, ಪ್ರಾಣಕ್ಕೇ ಎರವಾಗುವ ಪ್ರತಿಕ್ರಿಯೆ ಬರುತ್ತದೆ. ಹೆಚ್ಚಿನ ಪ್ರಮಾಣದಿಂದ ಆರಂಭಿಸಿದರೆ, ಮೂತ್ರಪಿಂಡ ದುರ್ಬಲವಿದ್ದರೆ ಆ ಅಪಾಯ ಹೆಚ್ಚು. ದದ್ದು ಕಂಡ ದಿನವೇ ಮಾತ್ರೆ ನಿಲ್ಲಿಸಬೇಕು. ಇದು ನನಗೆ ತಿಳಿದದ್ದು ಆಮೇಲೆ. ಅಣ್ಣನಿಗೆ ಹಾಗಾಗಲಿಲ್ಲ ಎಂಬುದು ನನ್ನ ಪುಣ್ಯ.

ಸೂಜಿಯ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ನೋವಿಗೆ ಸೂಜಿಯೇ ಔಷಧ. ಮಾತ್ರೆ ಕೊಟ್ಟು ಕಳಿಸುವ ವೈದ್ಯ ವೈದ್ಯನೇ ಅಲ್ಲ. ಅದರೊಳಗೆ ಏನಿದೆ ಎಂದು ಬರೆದುಕೊಡುವ ಪದ್ಧತಿ ಇಲ್ಲ, ಕೇಳುವ ಪದ್ಧತಿಯೂ ಇಲ್ಲ. ಸಾಮಾನ್ಯವಾಗಿ ಅದು ಡೈಕ್ಲೊಫೆನಾಕ್. ಜೊತೆಗೆ ಹಲವು ಸಲ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಎರಡೂ ಗೌಟಿನ ಬೆಂಕಿಯನ್ನು ನಿಜವಾಗಿಯೂ ಆರಿಸುತ್ತವೆ. ವರ್ಷಕ್ಕೊಂದು ಸಲವಾದರೆ ಸರಿಯಾದ ಚಿಕಿತ್ಸೆಯೇ ಎನ್ನಬೇಕು. ಆದರೆ ಸೌದೆ ಅಲ್ಲೇ ಇರುವುದರಿಂದ ವರ್ಷಕ್ಕೊಂದು ಬಾರಿ ಬರುತ್ತಿದ್ದದ್ದು ನಾಲ್ಕು ಬಾರಿ ಬರುತ್ತದೆ, ಆಮೇಲೆ ತಿಂಗಳಿಗೊಮ್ಮೆ. ಸೂಜಿಗಳ ನಡುವೆ ಅಂಗಡಿಯಿಂದ ತಂದ ನೋವಿನ ಮಾತ್ರೆಗಳು. ಅಣ್ಣನಿಗೆ ರಕ್ತದೊತ್ತಡವೂ ಇತ್ತು. ಅದಕ್ಕೆ ಕೊಟ್ಟಿದ್ದ ಮಾತ್ರೆಯಲ್ಲಿ ಹೈಡ್ರೊಕ್ಲೋರೊಥಯಜೈಡ್ ಎಂಬ ಮೂತ್ರವರ್ಧಕ ಸೇರಿತ್ತು. ಅದು ಯೂರಿಕ್ ಆಮ್ಲವನ್ನು ಏರಿಸುತ್ತದೆ. ಇಂಥ ರೋಗಿಗೆ ಒತ್ತಡಕ್ಕೆ ಲೊಸಾರ್ಟನ್ ಕೊಟ್ಟರೆ ಯೂರಿಕ್ ಆಮ್ಲ ತುಸು ಇಳಿಯುತ್ತದೆ. ಬಿಸಿಲಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿಯುವ ದೇಹ, ಮೂತ್ರವರ್ಧಕ, ಮೇಲೊಂದು ನೋವುನಿವಾರಕ, ಇವೆಲ್ಲದರ ಭಾರವೂ ಮೂತ್ರಪಿಂಡದ ಮೇಲೆ.

2022ರಲ್ಲಿ ಮುಖ ಊದಿಕೊಂಡು ಬಳ್ಳಾರಿಗೆ ಹೋದಾಗ ಅಣ್ಣನ ಕ್ರಿಯಾಟಿನಿನ್ 3.8 ಇತ್ತು. ಯಾವುದರಿಂದ ಎಷ್ಟು ಹಾನಿ ಎಂದು ಪಾಲು ಮಾಡಿ ಹೇಳಲು ಬರುವುದಿಲ್ಲ, ಒತ್ತಡವೂ ಇದೆ, ಗೌಟೂ ಇದೆ, ನೋವಿನ ಔಷಧವೂ ಇದೆ ಎಂದರು ಅಲ್ಲಿನ ಮೂತ್ರಪಿಂಡ ತಜ್ಞರು. ಪ್ರಾಮಾಣಿಕವಾದ ಮಾತು. ಅವರು ಮಾಡಿದ ಕೆಲಸ ಸರಳವಾಗಿತ್ತು: ನೋವಿನ ಸೂಜಿ ಸಂಪೂರ್ಣ ಬಂದ್, ಕೆಲವು ವಾರ ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್, ಅಲೊಪ್ಯುರಿನಾಲ್ ಐವತ್ತು ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ, ನಿಧಾನವಾಗಿ ಏರಿಸಿ ಇನ್ನೂರು. ಮೂತ್ರಪಿಂಡ ಕೆಟ್ಟವರಿಗೆ ಅಲೊಪ್ಯುರಿನಾಲ್ ಕೂಡದು ಎಂಬ ಹಳೆಯ ಭಯ ಈಗಿಲ್ಲ. ಕೆಳಗಿನಿಂದ ಆರಂಭಿಸಿ ಜಾಗ್ರತೆಯಿಂದ ಏರಿಸಿ ಎಂದೇ 2020ರ ಅಮೆರಿಕದ ಸಂಧಿವಾತ ತಜ್ಞರ ಮಾರ್ಗಸೂಚಿಯೂ ಹೇಳುತ್ತದೆ. ಈಗ ಅಣ್ಣನ ಯೂರಿಕ್ ಆಮ್ಲ 5.6. ಎರಡು ವರ್ಷದಿಂದ ಹೆಬ್ಬೆರಳು ಒಮ್ಮೆಯೂ ಊದಿಲ್ಲ. ಮೂತ್ರಪಿಂಡ ಮಾತ್ರ ಹಿಂದಕ್ಕೆ ಬರುವುದಿಲ್ಲ.

ಡೈಕ್ಲೊಫೆನಾಕ್ ಬಗ್ಗೆ ಇನ್ನೊಂದು ಮಾತು. ವಿಷಯಾಂತರವೆನಿಸಿದರೂ ಓದುಗರು ಸಹಿಸಬೇಕು. ನಾನು ಹುಡುಗನಾಗಿದ್ದಾಗ ಊರಾಚೆ ಸತ್ತ ದನ ಎಸೆದರೆ ಅರ್ಧ ದಿನದೊಳಗೆ ರಣಹದ್ದುಗಳು ಇಳಿಯುತ್ತಿದ್ದವು. ಆಮೇಲೆ ಅವು ಕಾಣದಾದವು. ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇಕಡ 99ಕ್ಕೂ ಹೆಚ್ಚು ಅಳಿಯಿತು. ಕಾರಣ 2004ರಲ್ಲಿ ಬಯಲಾಯಿತು: ನೋವಿಗೆಂದು ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಅವುಗಳ ಕಳೇಬರದಿಂದ ಹದ್ದಿನ ಹೊಟ್ಟೆ ಸೇರಿ, ಮೂತ್ರಪಿಂಡ ಕೆಡಿಸಿ, ಯೂರಿಕ್ ಆಮ್ಲದ ಬಿಳಿ ಹುಡಿ ಒಳಅಂಗಗಳ ಮೇಲೆಲ್ಲ ಕೂತು ಅವು ಸಾಯುತ್ತಿದ್ದವು. ಹದ್ದುಗಳ ಮರಣೋತ್ತರ ವರದಿಯಲ್ಲಿ ಬರೆದ ರೋಗದ ಹೆಸರೂ ಗೌಟ್ ಎಂದೇ. ಮನುಷ್ಯನ ಗೌಟಿಗೆ ಚುಚ್ಚುವ ಔಷಧವೇ ಹಕ್ಕಿಗೆ ಗೌಟ್ ತಂದಿತು. ಕೇಂದ್ರ ಸರ್ಕಾರ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಮನುಷ್ಯರ ಹೆಸರಿನ ದೊಡ್ಡ ಶೀಷೆಗಳು ದನದ ಕೊಟ್ಟಿಗೆಗೆ ಹೋಗುವುದು ನಿಲ್ಲದ ಕಾರಣ 2015ರಲ್ಲಿ ಶೀಷೆಯನ್ನು 3 ಮಿಲಿಲೀಟರಿಗೆ ಮಿತಿಗೊಳಿಸಿತು. 2023ರಲ್ಲಿ ಪಶುಗಳಿಗೆ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ನಿಷೇಧವಾದವು. ಹದ್ದುಗಳಿಗೆ ಕೇಡಿಲ್ಲದ ಮೆಲಾಕ್ಸಿಕ್ಯಾಂ ಇದೆ. ನಮ್ಮ ರಾಜ್ಯದಲ್ಲಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಹದ್ದಿನ ಮೂತ್ರಪಿಂಡದ ಬಗ್ಗೆ ಸರ್ಕಾರ ಇಷ್ಟೆಲ್ಲ ಮಾಡಿತು, ಮಾಡಬೇಕಾದದ್ದೇ. ನಮ್ಮ ಅಣ್ಣನ ಮೂತ್ರಪಿಂಡಕ್ಕೂ ಯಾರಾದರೂ ಶೀಷೆಯ ಅಳತೆ ನೋಡಬಹುದಿತ್ತು.

ಹಾಗೆಂದು ಎಲ್ಲ ಕೀಲುನೋವಿಗೂ ಗೌಟಿನ ಮಾತ್ರೆ ಹಂಚಿದರೆ ಅದು ಇನ್ನೊಂದು ಅನಾಹುತ; ಬೆಂಗಳೂರಿನಲ್ಲಿ ನಡೆಯುತ್ತಿರುವುದು ಅದೇ. ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ನಡಿಗೆಗೆ ಬರುವವರ ಪೈಕಿ ‘ಯೂರಿಕ್ ಆಸಿಡ್’ ಇಲ್ಲದವರು ಕಡಿಮೆ. ರಿಯಾಯಿತಿ ದರದ ‘ಹೆಲ್ತ್ ಪ್ಯಾಕೇಜ್’ ವರದಿಯಲ್ಲಿ 7.4ರ ಪಕ್ಕ ಒಂದು ನಕ್ಷತ್ರ ಮುದ್ರಿತವಾಗಿರುತ್ತದೆ. ಹೆಬ್ಬೆರಳು ಎಂದೂ ಊದದವರಿಗೂ ಫೆಬುಕ್ಸೊಸ್ಟಾಟ್ ಶುರುವಾಗುತ್ತದೆ. ಯೂರಿಕ್ ಆಮ್ಲ ಹೆಚ್ಚಿದ್ದವರಲ್ಲಿ ಬಹುಪಾಲು ಜನರಿಗೆ ಗೌಟ್ ಬರುವುದೇ ಇಲ್ಲ. ಲಕ್ಷಣವಿಲ್ಲದವರಿಗೆ ಮಾತ್ರೆ ಬೇಡ ಎಂದೇ ಮೇಲೆ ಹೇಳಿದ ಮಾರ್ಗಸೂಚಿಯ ಸಲಹೆ. ತಮಾಷೆಯೆಂದರೆ, ನಿಜವಾದ ಗೌಟ್ ಕೆರಳಿದ ದಿನ ರಕ್ತದಲ್ಲಿ ಯೂರಿಕ್ ಆಮ್ಲ ಕೆಲವೊಮ್ಮೆ ಸಾಮಾನ್ಯವಾಗಿಯೇ ಕಾಣುತ್ತದೆ. ಸಂಖ್ಯೆಯನ್ನು ನೋಡಿ ಚಿಕಿತ್ಸೆ ಕೊಡುವವರು ಎರಡೂ ಕಡೆ ತಪ್ಪುತ್ತಾರೆ.

ಫೆಬುಕ್ಸೊಸ್ಟಾಟ್ ಕೆಟ್ಟ ಔಷಧವಲ್ಲ. ಅಲೊಪ್ಯುರಿನಾಲ್ ಒಗ್ಗದವರಿಗೆ ಅದೇ ಆಸರೆ. 2018ರಲ್ಲಿ ಪ್ರಕಟವಾದ, ಆರು ಸಾವಿರಕ್ಕೂ ಹೆಚ್ಚು ಹೃದ್ರೋಗಿ ಗೌಟಿಗರ ಮೇಲೆ ನಡೆದ ಪರೀಕ್ಷೆಯಲ್ಲಿ ಹೃದಯಸಂಬಂಧಿ ಸಾವುಗಳು ಅಲೊಪ್ಯುರಿನಾಲ್ ಪಡೆದವರಲ್ಲಿ ಶೇಕಡ 3.2, ಫೆಬುಕ್ಸೊಸ್ಟಾಟ್ ಪಡೆದವರಲ್ಲಿ 4.3 ಕಂಡುಬಂದವು. 2019ರಲ್ಲಿ ಅಮೆರಿಕದ ನಿಯಂತ್ರಕರು ಕಟ್ಟೆಚ್ಚರದ ಮೊಹರು ಹಾಕಿದರು. 2020ರಲ್ಲಿ ಯುರೋಪಿನ ಇನ್ನೊಂದು ದೊಡ್ಡ ಪರೀಕ್ಷೆ ಅಂಥ ಅಪಾಯ ಕಾಣಲಿಲ್ಲವೆಂದಿತು. ತಜ್ಞರಲ್ಲೇ ವಾದವಿರುವಾಗ, ಕಾಯಿಲೆಯೇ ಇಲ್ಲದವನು ಹಲವು ಪಟ್ಟು ದುಬಾರಿಯಾದ ಆ ಮಾತ್ರೆಯನ್ನು ದಿನವೂ ನುಂಗಿ ಏನು ಗಳಿಸುತ್ತಾನೆ?

ನಮ್ಮೂರ ಕಡೆ ಇನ್ನೊಂದು ತೊಡಕಿದೆ. ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದ ನೀರನ್ನು ದಶಕಗಟ್ಟಲೆ ಕುಡಿದವರ ಮೂಳೆಗಳು ಗಡುಸಾಗಿ, ಬೆನ್ನು ಬಾಗದೆ, ಮಂಡಿ ಮಡಿಸಲಾಗದೆ ನರಳುತ್ತಾರೆ. ಅದು ಗೌಟಲ್ಲ, ಅಲೊಪ್ಯುರಿನಾಲ್ ಅದಕ್ಕೆ ಏನೂ ಮಾಡದು. ಅದರ ಔಷಧ ನಲ್ಲಿಯಲ್ಲಿ ಬರಬೇಕಾದ ಒಳ್ಳೆಯ ನೀರು. ಒಂದೇ ಹಜಾರದಲ್ಲಿ ಕೂತ ಇಬ್ಬರು ಮುದುಕರಲ್ಲಿ ಒಬ್ಬನದು ಹರಳಿನ ನೋವು, ಇನ್ನೊಬ್ಬನದು ನೀರಿನ ನೋವು. ಇಬ್ಬರಿಗೂ ಚುಚ್ಚುವುದು ಒಂದೇ ಸೂಜಿ. ಬೇರೆ ಮಾಡಿ ಹೇಳಲು ದೊಡ್ಡ ಯಂತ್ರವೇನೂ ಬೇಡ. ರಾತ್ರೋರಾತ್ರಿ ಬಂದು ವಾರದಲ್ಲಿ ಹೋಗುತ್ತದೆಯೇ, ಹೆಬ್ಬೆರಳಿಗೇ ಬರುತ್ತದೆಯೇ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಪಥ್ಯದ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನೂ ಹೇಳಲೇಬೇಕು. ಗೌಟ್ ಎಂದ ಕೂಡಲೇ ಬೇಳೆ ಬಿಡಿ, ಹುರುಳಿ ಬಿಡಿ, ಸೊಪ್ಪು ಬಿಡಿ ಎನ್ನುತ್ತಾರೆ. 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಮಾಂಸ, ಸಮುದ್ರದ ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚು ಬಂತು. ಪ್ಯೂರಿನ್ ಇರುವ ಕಾಳು, ಸೊಪ್ಪು ತಿಂದವರಿಗೆ ಬರಲಿಲ್ಲ. ಹಾಲು-ಮೊಸರು ತೆಗೆದುಕೊಂಡವರಿಗೆ ಕಡಿಮೆ ಬಂತು. ಬೋಟಿ, ಈಲಿ, ಬಿಯರು, ಸಕ್ಕರೆ ಪಾನೀಯ ಕಡಿಮೆ ಮಾಡುವುದು ಒಳ್ಳೆಯದು, ಸಂಶಯವಿಲ್ಲ. ಆದರೆ ತೊಗರಿ, ಹುರುಳಿಗಳೇ ಪೌಷ್ಟಿಕಾಂಶವಾಗಿರುವ ಮನೆಯಲ್ಲಿ ಅವನ್ನೂ ನಿಲ್ಲಿಸಿದರೆ ರೋಗಿ ಸೊರಗುತ್ತಾನೆ, ಯೂರಿಕ್ ಆಮ್ಲ ಸೊರಗುವುದಿಲ್ಲ. ಪಥ್ಯವೊಂದರಿಂದಲೇ ಅದು ಇಳಿಯುವುದು ಅಲ್ಪ. ನಮ್ಮ ಅತ್ತಿಗೆ ಎರಡು ವರ್ಷ ಬೇಳೆ ಹಾಕದ ಸಾರು ಮಾಡಿದಳು; ಯಾರದೋ ಬಾಯಿಮಾತಿಗೆ.

ಇದು ಶ್ರೀಮಂತರ ಕಾಯಿಲೆ ಎಂಬ ನಂಬಿಕೆಯೂ ಹಳೆಯದು. ಚರಕಸಂಹಿತೆ ‘ವಾತರಕ್ತ’ದ ವಿವರಣೆಯಲ್ಲಿ ಅದಕ್ಕೆ ‘ಆಢ್ಯವಾತ’ ಎಂಬ ಪರ್ಯಾಯ ನಾಮವನ್ನೂ ಕೊಡುತ್ತದೆ. ಆಢ್ಯ ಎಂದರೆ ಸಿರಿವಂತ. ಅಮೃತಬಳ್ಳಿ ಅಲ್ಲಿನ ಮುಖ್ಯ ಔಷಧ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಸಂತೆಗಳಲ್ಲಿ ‘ಗಿಡಮೂಲಿಕೆ’ ಎಂದು ಮಾರುವ, ಒಂದೇ ಗುಳಿಗೆಗೆ ನೋವು ಮಾಯ ಮಾಡುವ ಪುಡಿಗಳ ಬಗ್ಗೆ. ಅಷ್ಟು ಬೇಗ ನೋವು ಹೋದರೆ ಅದರಲ್ಲಿ ಬೇರಿಗಿಂತ ಸ್ಟೀರಾಯ್ಡ್ ಇರುವ ಸಂಭವವೇ ಹೆಚ್ಚು. ಶ್ರೀಮಂತರ ಕಾಯಿಲೆ ಎಂಬ ಹೆಸರಿನಿಂದ ಆದ ಕೇಡೆಂದರೆ, ಬಡವನಿಗೂ ಅದು ಬರಬಹುದೆಂದು ಆರೋಗ್ಯ ಇಲಾಖೆಯ ನಕ್ಷೆಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ.

ಅಲೊಪ್ಯುರಿನಾಲ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ನಮ್ಮ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಕಳೆದ ವರ್ಷ ಅಣ್ಣನ ಮಾತ್ರೆ ಮುಗಿದಿದ್ದಾಗ ಆ ಸುತ್ತಿನ ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿದೆ. ಯಾವುದೆಂದು ಹೇಳುವುದು ಬೇಡ, ಅಲ್ಲಿನ ಔಷಧ ವಿತರಕರು ಸಜ್ಜನರು. “ಅದಕ್ಕೆ ಇಂಡೆಂಟೇ ಹಾಕಿಲ್ಲ ಸಾರ್, ಕೇಳೋರೇ ಇಲ್ಲ” ಎಂದರು. ಕೇಳುವವರು ಹೊರಗಿನ ಬೆಂಚಿನ ಮೇಲೆ ಸೂಜಿಗಾಗಿ ಕೂತಿದ್ದರು. ಮೂತ್ರಪಿಂಡ ಪೂರ್ತಿ ಕೆಟ್ಟ ಮೇಲೆ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಿಂದ ಇದೆ. ಅದು ನಿಜಕ್ಕೂ ಶ್ಲಾಘನೀಯ. ವಾರಕ್ಕೆರಡು ಮೂರು ಬಾರಿ ಯಂತ್ರಕ್ಕೆ ಜೋಡಿಸಲು ದುಡ್ಡಿರುವ ವ್ಯವಸ್ಥೆಯಲ್ಲಿ ನೂರು ಮಿಲಿಗ್ರಾಂನ ಮಾತ್ರೆಗೆ, ಒಂದು ಕ್ರಿಯಾಟಿನಿನ್ ಪರೀಕ್ಷೆಗೆ ದುಡ್ಡಿಲ್ಲ ಎಂದರೆ ನಂಬಲಾಗದು. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೆ ಬಂದು ಒತ್ತಡ, ಸಕ್ಕರೆ ನೋಡುತ್ತಾರೆ. ಅದೇ ಹೊತ್ತಿನಲ್ಲಿ ಹೆಬ್ಬೆರಳಿನ ಬಗ್ಗೆ ಒಂದು ಪ್ರಶ್ನೆ, ನೋವಿಗೆ ಏನು ತೆಗೆದುಕೊಳ್ಳುತ್ತೀರಿ ಎಂದು ಇನ್ನೊಂದು ಪ್ರಶ್ನೆ ಸೇರಿಸಲು ಹೊಸ ಯೋಜನೆ ಬೇಕಿಲ್ಲ. ಚುಚ್ಚಿದ ಸೂಜಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಡುವುದನ್ನು ಕಡ್ಡಾಯವಾಗಿ ಪಾಲಿಸಿದರೂ ಸಾಕು, ಮುಂದಿನ ವೈದ್ಯನಿಗೆ ಕಣ್ಣು ಬಂದಂತಾಗುತ್ತದೆ.

ಈಗ ಊರಿಗೆ ಹೋಗುವಾಗಲೆಲ್ಲ ಅಣ್ಣನಿಗೆ ಮೂರು ತಿಂಗಳ ಮಾತ್ರೆ ಒಯ್ಯುತ್ತೇನೆ, ವೈದ್ಯರು ಬರೆದ ಚೀಟಿಯ ಪ್ರಕಾರ. ಸುದ್ದಿ ಹರಡಿದೆ. ಹೋದ ಸಲ ಬೆಳಗ್ಗೆ ಏಳಕ್ಕೇ ನಾಲ್ಕು ಜನ ಜಗುಲಿಯ ಮೇಲೆ ಕೂತು ತಮ್ಮ ತಮ್ಮ ಕಾಲು ತೋರಿಸಿದರು. ಒಬ್ಬನ ಕೈಬೆರಳ ಗೆಣ್ಣುಗಳ ಮೇಲೆ ಸುಣ್ಣದುಂಡೆಯಂಥ ಗಂಟುಗಳೂ ಆಗಿದ್ದವು. ಹರಳುಗಳು ಚರ್ಮದಡಿ ಗಡ್ಡೆ ಕಟ್ಟಿದ್ದವು. ನನ್ನ ಚೀಲದಲ್ಲಿ ಮಾತ್ರೆಯಿತ್ತು. ಕೊಡಲಿಲ್ಲ. ನಾನು ವೈದ್ಯನಲ್ಲ, ಮೊದಲು ಬಳ್ಳಾರಿಗೆ ಹೋಗಿ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ, ಅಲ್ಲಿನ ವೈದ್ಯರು ಹೇಳಿದ ಹಾಗೆ ಶುರು ಮಾಡಿ ಎಂದೆ. ಗಂಟುಗಳಿದ್ದವನು ಕುರಿ ಕಾಯುವವನು. ಪೂರ್ತಿ ಕೇಳಿಸಿಕೊಂಡು, “ಸೂಜಿಗೆ ಐವತ್ತು ರೂಪಾಯಿ, ಅದೂ ಇಲ್ಲೇ. ಬಳ್ಳಾರಿಗೆ ಹೋಗಿ ಬರೋ ದಿನ ಕುರಿ ಯಾರ್ ನೋಡ್ತಾರೆ ಸಾರ್?” ಎಂದ. ಅಣ್ಣ ಒಳಗಿನಿಂದಲೇ ಅವನ ಹೆಸರು ಹಿಡಿದು ಕೂಗಿ, “ನಾನೂ ಹಂಗೇ ಅಂತಿದ್ದೆ ಕಣೋ” ಎಂದ. ಅವನು ನಕ್ಕು, ಚಪ್ಪಲಿ ಹುಡುಕಿಕೊಂಡು, ಕುಂಟುತ್ತಾ ಹೊರಟ.